ಅಕ್ಕಿಕಾಳು ಬಿದ್ದರೆ ಸಾಲದು: ಜಪಾನಿ ಪ್ರಜೆಯ ಜೊತೆ ಮದುವೆ, ಎರಡು ದೇಶದ ದಫ್ತರ

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಮದುವೆ ಆಯ್ತು ಅನ್ನೋದಕ್ಕೆ ಏನು ಸಾಕ್ಷಿ? ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿದ್ರು, ಊರು ಉಂಡು ಹೋಯ್ತು. ಅಷ್ಟೇ. ಬಹಳ ಮನೆಗಳಲ್ಲಿ ಮದುವೆ ನೋಂದಣಿ ಪತ್ರ ನೆನಪಾಗೋದು ಪಾಸ್‌ಪೋರ್ಟ್ ಮಾಡಿಸುವಾಗ, ಇಲ್ಲಾ ವೀಸಾಕ್ಕೆ ಅರ್ಜಿ ಹಾಕುವಾಗ. ಅಲ್ಲಿಯವರೆಗೆ ಐನೂರು ಮಂದಿ ಕಣ್ಣಾರೆ ಕಂಡದ್ದೇ ದಾಖಲೆ.

ಜಪಾನಿನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಸಾವಿರ ಜನ ಕೂತು ನೋಡಿದರೂ ಕಾನೂನಿನ ಲೆಕ್ಕದಲ್ಲಿ ಅದು ಬರೀ ಸಮಾರಂಭ. ವಧೂವರರು ‘ಕೊನ್‌ಇನ್ ತೊದೊಕೆ’ ಎಂಬ ಒಂದು ಅರ್ಜಿಯನ್ನು ಸ್ಥಳೀಯ ಪುರಸಭೆ ಕಚೇರಿಗೆ ಕೊಡಬೇಕು. ಅದರ ಮೇಲೆ ವಯಸ್ಕರಾದ ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಕಚೇರಿ ಆ ಅರ್ಜಿಯನ್ನು ಸ್ವೀಕರಿಸಿದಾಗ ಮದುವೆ ಆದಂತೆ. ಮಂತ್ರ ಬೇಕಿಲ್ಲ, ಉಂಗುರ ಬೇಕಿಲ್ಲ, ಅಧಿಕಾರಿಯ ಮುಂದೆ ಪ್ರತಿಜ್ಞೆಯೂ ಬೇಕಿಲ್ಲ.

ಈ ವಿಷಯ ಈಗ ಯಾಕೆ ಅಂದ್ರೆ, ನಮ್ಮ ನಡುವೆ ಜಪಾನಿ ಭಾಷೆ ಕಲಿಯುವವರು, ಅಲ್ಲಿಯ ಕಂಪನಿಗಳ ಸಂದರ್ಶನಕ್ಕೆ ಕೂರುವವರು ಇದ್ದಾರೆ. ಹೋದವರು ಅಲ್ಲೇ ನಾಲ್ಕಾರು ವರ್ಷ ಇರುತ್ತಾರೆ. ಕೆಲಸದ ಜಾಗದಲ್ಲಿ ಮನಸ್ಸು ಸೇರುವುದು ಹೊಸ ಸಂಗತಿ ಏನಲ್ಲ. ಆದರೆ ಹಾಸ್ಟೆಲ್ ಕಟ್ಟೆಯ ಮೇಲೆ ಈ ಬಗ್ಗೆ ಓಡಾಡುವ ಮಾತು ಮೂರು: ‘ದೇವಸ್ಥಾನದಾಗ ತಾಳಿ ಕಟ್ಟಿದ್ರ ಸಾಕು’, ‘ಎಂಬೆಸಿಯೊಳಗ ಮದುವಿ ಮಾಡಿಸ್ತಾರ’, ‘ಮದುವಿ ಆದ್ರ ಜಪಾನ್ ಪೌರತ್ವ ತಾನಾಗೇ ಸಿಗ್ತೈತಿ’. ಮೂರನ್ನೂ ನಂಬಿ ಹೊರಟರೆ ಕಷ್ಟ. ನಾವು ಇಲ್ಲಿ ಹೇಳಬೇಕಾದ್ದು ಒಂದೇ ಮಾತು: ಇಂಥ ಮದುವೆ ಎರಡು ದೇಶದ ಎರಡು ದಫ್ತರದಲ್ಲಿ ಸರಿಯಾಗಿ ಬರೆಯಲ್ಪಡಬೇಕು. ಒಂದರಲ್ಲಿ ಬರೆದು ಇನ್ನೊಂದನ್ನು ಮರೆತರೆ ಅದರ ಪೆಟ್ಟು ಗಂಡ ಹೆಂಡತಿಗಿಂತ ಜಾಸ್ತಿ ಹುಟ್ಟುವ ಮಗುವಿಗೆ ಬೀಳುತ್ತದೆ.

ಕೊಸೆಕಿ ಅಂದರೇನು?

ನಮ್ಮಲ್ಲಿ ಪಡಿತರ ಚೀಟಿ ಬೇರೆ, ವಂಶವೃಕ್ಷ ಬೇರೆ, ಜನನ ಪ್ರಮಾಣಪತ್ರ ಬೇರೆ, ಮದುವೆ ಪತ್ರ ಬೇರೆ. ಇವೆಲ್ಲ ಒಂದೇ ಪುಸ್ತಕದಲ್ಲಿ ಇದ್ದರೆ ಹೇಗೋ ಹಾಗೆ ಜಪಾನಿನ ‘ಕೊಸೆಕಿ’. ಅದು ಕುಟುಂಬದ ನೋಂದಣಿ. ಹುಟ್ಟು, ಸಾವು, ಮದುವೆ, ವಿಚ್ಛೇದನ, ದತ್ತು ಎಲ್ಲವೂ ಅದರಲ್ಲೇ ಏರುತ್ತವೆ. ಹಾಗಾಗಿ ಜಪಾನಿ ಪ್ರಜೆಯೊಬ್ಬರು ಅವಿವಾಹಿತರು ಎಂದು ತೋರಿಸುವುದು ಸುಲಭ: ಕೊಸೆಕಿ ಪ್ರತಿ ತೆಗೆದರೆ ಆಯ್ತು.

ನಮ್ಮವರಿಗೆ ಅದೇ ದೊಡ್ಡ ತೊಡಕು. ಯಲಬುರ್ಗಾದ ಹುಡುಗನಿಗೆ ಈಗಾಗಲೇ ಮದುವೆ ಆಗಿಲ್ಲ ಎಂದು ಇಡೀ ದೇಶದ ಲೆಕ್ಕ ನೋಡಿ ಹೇಳಬಲ್ಲ ಒಂದು ಪುಸ್ತಕ ಭಾರತದಲ್ಲಿ ಇಲ್ಲ. ಊರಿಗೆಲ್ಲ ಗೊತ್ತು, ಕಾಗದದಲ್ಲಿ ಇಲ್ಲ. ಜಪಾನಿನ ಪುರಸಭೆ ಕಚೇರಿ ಮಾತ್ರ ‘ನಿಮ್ಮ ದೇಶದ ಕಾನೂನಿನ ಪ್ರಕಾರ ನೀವು ಮದುವೆಗೆ ಅರ್ಹರು ಎಂಬ ಪತ್ರ ಕೊಡಿ’ ಎಂದು ಕೇಳುತ್ತದೆ. ಆಗ ಊರಿನಿಂದ ಜನನ ಪ್ರಮಾಣಪತ್ರ, ಅವಿವಾಹಿತ ಎಂಬ ಅಫಿಡವಿಟ್, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ, ಟೋಕಿಯೋದ ಭಾರತೀಯ ರಾಯಭಾರ ಕಚೇರಿಯ ಪತ್ರ, ಪ್ರತಿಯೊಂದಕ್ಕೂ ಜಪಾನಿ ಅನುವಾದ, ಹೀಗೆ ಒಂದರ ಹಿಂದೆ ಒಂದು ಬೇಕಾಗಬಹುದು. ಯಾವ ಕಾಗದ ಸಾಕು ಎಂಬುದು ಕಚೇರಿಯಿಂದ ಕಚೇರಿಗೆ ಬದಲಾಗುತ್ತದೆ. ಅನುಮಾನ ಬಂದರೆ ಅವರು ಕಡತವನ್ನು ಮೇಲಿನ ಕಾನೂನು ವ್ಯವಹಾರ ಕಚೇರಿಗೆ ಕಳಿಸಿ, ಉತ್ತರ ಬರುವವರೆಗೆ ಕಾಯಿಸುತ್ತಾರೆ. ಆದ್ದರಿಂದ ಅರ್ಜಿ ಕೊಡಲಿರುವ ಕಚೇರಿಗೇ ಮೊದಲು ಹೋಗಿ, ಬೇಕಾದ ಕಾಗದಗಳ ಪಟ್ಟಿ ಬರೆಸಿಕೊಂಡು, ಆಮೇಲೆ ಊರಿಗೆ ಫೋನ್ ಮಾಡುವುದು ಜಾಣತನ.

ವಯಸ್ಸು: ಅವರವರ ಕಾನೂನು ಅವರವರಿಗೆ

ಜಪಾನಿನಲ್ಲಿ 2022ರ ಏಪ್ರಿಲ್ 1ರಿಂದ ಮದುವೆಯ ವಯಸ್ಸು ಹೆಣ್ಣಿಗೂ ಗಂಡಿಗೂ 18. ಅದಕ್ಕೆ ಮುಂಚೆ ಹೆಣ್ಣಿಗೆ 16 ಇತ್ತು. ಹಾಗಾದರೆ ಮೂರನೇ ವರ್ಷ ಓದುತ್ತಿರುವ ಇಪ್ಪತ್ತರ ಕುಷ್ಟಗಿ ಹುಡುಗ ಅಲ್ಲಿಗೆ ಹೋಗಿ ಮದುವೆ ಆಗಬಹುದೇ? ಆಗಲ್ಲ. ಮದುವೆಗೆ ಬೇಕಾದ ಅರ್ಹತೆಯನ್ನು ಜಪಾನಿನ ಕಾನೂನು ಅವರವರ ದೇಶದ ಕಾಯ್ದೆಯಿಂದಲೇ ಅಳೆಯುತ್ತದೆ. ನಮ್ಮ ವಿಶೇಷ ವಿವಾಹ ಕಾಯ್ದೆ, 1954 ಮತ್ತು ವಿದೇಶಿ ವಿವಾಹ ಕಾಯ್ದೆ, 1969 ಎರಡರಲ್ಲೂ ಗಂಡಿಗೆ 21, ಹೆಣ್ಣಿಗೆ 18 ತುಂಬಿರಬೇಕು. ಟೋಕಿಯೋಕ್ಕೆ ಹಾರಿದರೂ ನಮ್ಮ ವಯಸ್ಸಿನ ಲೆಕ್ಕ ನಮ್ಮ ಜೊತೆಗೇ ಬರುತ್ತದೆ.

ಮೂರು ದಾರಿ

ಒಂದನೆಯದು, ಜಪಾನಿನಲ್ಲೇ ಆಗುವುದು. ಮೇಲೆ ಹೇಳಿದ ಅರ್ಜಿ ಸ್ವೀಕಾರವಾದರೆ ಕಚೇರಿ ಸ್ವೀಕಾರ ಪತ್ರ ಕೊಡುತ್ತದೆ. ಆಮೇಲೆ ವಿದೇಶಿ ವಿವಾಹ ಕಾಯ್ದೆಯ 17ನೇ ಕಲಮಿನಡಿ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಈ ಮದುವೆಯನ್ನು ನೋಂದಾಯಿಸಿಕೊಳ್ಳಬಹುದು. ‘ಜಪಾನಿನಲ್ಲಿ ಆಯ್ತಲ್ಲ, ಇನ್ನೇನು’ ಎಂದು ಬಿಡುವವರು ಮುಂದೆ ಭಾರತದ ಯಾವುದಾದರೂ ಕಚೇರಿಯಲ್ಲಿ ದಂಪತಿ ಎಂದು ತೋರಿಸಬೇಕಾದಾಗ ಪರದಾಡುತ್ತಾರೆ.

ಎರಡನೆಯದು, ಇಲ್ಲೇ ವಿಶೇಷ ವಿವಾಹ ಕಾಯ್ದೆಯಡಿ ಆಗುವುದು. ಇದನ್ನು ಕೆಳಗೆ ಬಿಡಿಸಿ ಹೇಳಿದ್ದೇವೆ.

ಮೂರನೆಯದು, ಬೇರೊಂದು ದೇಶದಲ್ಲಿ ಆಗುವುದು. ಹುಡುಗಿ ಗಂಗಾವತಿಯವಳು, ಹುಡುಗ ಒಸಾಕಾದವನು, ಇಬ್ಬರೂ ಜರ್ಮನಿಯಲ್ಲಿ ಓದುತ್ತಿದ್ದಾರೆ ಅಂತಿಟ್ಟುಕೊಳ್ಳೋಣ. ಅಲ್ಲಿಯ ಕಾನೂನಿನ ಪ್ರಕಾರ ಮದುವೆಯಾಗಿ, ಆ ಪತ್ರವನ್ನು ಎರಡೂ ದೇಶಕ್ಕೆ ವರದಿ ಮಾಡಬೇಕು.

‘ಎಂಬೆಸಿಯೊಳಗೇ ಮದುವೆ’ ಅನ್ನುವ ಮಾತಿಗೆ ಇಲ್ಲಿ ಉತ್ತರ ಇದೆ. ಹೊರದೇಶದ ಜಪಾನಿ ರಾಯಭಾರ ಕಚೇರಿ ಮದುವೆಯ ಅರ್ಜಿ ತಗೊಂಡು ಮದುವೆ ಮಾಡಿಸುವುದು ಇಬ್ಬರೂ ಜಪಾನಿಗಳಾಗಿದ್ದರೆ ಮಾತ್ರ. ಒಬ್ಬರು ನಮ್ಮವರಾದರೆ ಅಲ್ಲಿ ಆಗುವುದು ಬರೀ ವರದಿ, ಮದುವೆ ಅಲ್ಲ. ಇನ್ನು ಜಪಾನಿನ ನೆಲದಲ್ಲಿ ಜಪಾನಿ ಪ್ರಜೆ ಮದುವೆಯಾಗುವುದಾದರೆ ಜಪಾನಿನ ಅರ್ಜಿಯ ದಾರಿಯೇ ಆಗಬೇಕು. ಟೋಕಿಯೋದ ನಮ್ಮ ರಾಯಭಾರ ಕಚೇರಿಯಲ್ಲಿ ಮದುವೆ ಮಾಡಿಕೊಂಡರೆ ಅವರ ಕಾನೂನಿಗೆ ಅದು ಲೆಕ್ಕಕ್ಕಿಲ್ಲ.

ತಾಲೂಕಿನ ಫಲಕದ ಮೇಲೆ ಮೂವತ್ತು ದಿನ

ನಮ್ಮ ರಾಜ್ಯದಲ್ಲಿ ವಿಶೇಷ ವಿವಾಹ ಕಾಯ್ದೆಯ ವಿವಾಹಾಧಿಕಾರಿ ಅಂದರೆ ಉಪನೋಂದಣಾಧಿಕಾರಿ. ಹೊಲ, ಮನೆ ಖರೀದಿ ಪತ್ರ ಮಾಡಿಸಲು ಹೋಗುತ್ತೇವಲ್ಲ, ಅದೇ ಸಬ್ ರಿಜಿಸ್ಟ್ರಾರ್ ಕಚೇರಿ. ವಧೂವರರಲ್ಲಿ ಒಬ್ಬರಾದರೂ ಆ ಅಧಿಕಾರಿಯ ವ್ಯಾಪ್ತಿಯಲ್ಲಿ ಹಿಂದಿನ 30 ದಿನ ವಾಸವಿರಬೇಕು. ಇಬ್ಬರೂ ಇರಬೇಕು ಅಂತಿಲ್ಲ. ಇಬ್ಬರೂ ಸೇರಿ ನೋಟಿಸ್ ಕೊಟ್ಟ ಮೇಲೆ ಅದನ್ನು ಕಚೇರಿಯ ಫಲಕಕ್ಕೆ ಹಚ್ಚುತ್ತಾರೆ. ಆಕ್ಷೇಪಣೆಗೆ 30 ದಿನ ಅವಕಾಶ. ಆ ಮೇಲೆ ಮೂರು ಜನ ಸಾಕ್ಷಿಗಳ ಮುಂದೆ ಮದುವೆ. ಜಪಾನಿನವರು ಮದುವೆಗೆ ಅರ್ಹರು ಎಂಬ ಪತ್ರವನ್ನು ಅವರ ಕಾನ್ಸುಲೇಟ್ ಕೊಸೆಕಿ ಪ್ರತಿ ನೋಡಿ ಕೊಡುತ್ತದೆ. ಬೆಂಗಳೂರಿನಲ್ಲೇ ಜಪಾನಿನ ಕಾನ್ಸುಲೇಟ್ ಇರುವುದರಿಂದ ಇದಕ್ಕಾಗಿ ದೆಹಲಿಗೆ ಹೋಗಬೇಕಿಲ್ಲ.

ಇಲ್ಲಿ ಎಂಜಿನಿಯರಿಂಗ್ ತಲೆ ಉಪಯೋಗಿಸಬೇಕಾದ ಒಂದು ಲೆಕ್ಕ ಇದೆ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಆ ನೋಟಿಸ್ ಸತ್ತ ಹಾಗೆ, ಮತ್ತೆ ಹೊಸದಾಗಿ ಕೊಡಬೇಕು. ಜಪಾನಿನವರಿಗೆ ಉದ್ದ ರಜೆ ಸಿಗುವುದು ಹೊಸ ವರ್ಷಕ್ಕೆ, ಏಪ್ರಿಲ್ ಕೊನೆಯ ‘ಗೋಲ್ಡನ್ ವೀಕ್’ಗೆ, ಆಗಸ್ಟ್ ನಡುವಿನ ‘ಒಬೋನ್’ಗೆ. ಡಿಸೆಂಬರ್ 29ಕ್ಕೆ ನೋಟಿಸ್ ಕೊಟ್ಟು ಗೋಲ್ಡನ್ ವೀಕ್‌ನಲ್ಲಿ ಮದುವೆ ಇಟ್ಟುಕೊಂಡರೆ ನಾಲ್ಕು ತಿಂಗಳಾಗುತ್ತದೆ, ನೋಟಿಸ್ ಮಾರ್ಚ್ ಕೊನೆಗೇ ಮುಗಿದಿರುತ್ತದೆ. ಕಲ್ಯಾಣ ಮಂಟಪ ಬುಕ್ ಮಾಡುವ ಮುಂಚೆ ಈ ಕೂಡು ಕಳೆ ಮಾಡಿಕೊಳ್ಳಿ.

ಆದರೆ ಆ ಮೂವತ್ತು ದಿನದ ನಿಜವಾದ ಭಾರ ರಜೆಯದ್ದಲ್ಲ. ತಾಲೂಕು ಕಚೇರಿ ಇರುವ ಊರಲ್ಲಿ ಫಲಕದ ಮೇಲಿನ ಹೆಸರು ಸಂಜೆಯೊಳಗೆ ಮನೆ ಮುಟ್ಟುತ್ತದೆ. ‘ಯಾರ ಪೈಕಿ ಹುಡುಗಿ?’ ಅಂತ ಶುರುವಾದ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ನಮಗೆಲ್ಲ ಗೊತ್ತು. ಬೆಂಗಳೂರಿನಲ್ಲಿ ನೋಟಿಸ್ ಕೊಟ್ಟರೆ ತಪ್ಪಿಸಿಕೊಳ್ಳಬಹುದು ಅಂದುಕೊಂಡರೆ ಅದೂ ಇಲ್ಲ. ಖಾಯಂ ವಾಸ ಯಲಬುರ್ಗಾ ಆಗಿದ್ದರೆ ನೋಟಿಸಿನ ಪ್ರತಿ ಯಲಬುರ್ಗಾದ ಅಧಿಕಾರಿಗೂ ಹೋಗಿ ಅಲ್ಲಿಯ ಫಲಕಕ್ಕೂ ಹತ್ತುತ್ತದೆ. ಕಾಯ್ದೆಯ 6ನೇ ಕಲಮು ಹಾಗೆ ಹೇಳುತ್ತದೆ.

ಇದಕ್ಕೆ ಹೆದರುವ ಮುಂಚೆ ಎರಡು ವಿಷಯ ತಿಳಿದಿರಲಿ. ಆಕ್ಷೇಪಣೆಯನ್ನು ಯಾರು ಬೇಕಾದರೂ ಹಾಕಬಹುದು, ಆದರೆ ಕಾರಣ ಕಾಯ್ದೆಯಲ್ಲಿ ಇರುವಂಥದ್ದೇ ಆಗಿರಬೇಕು: ಈಗಾಗಲೇ ಗಂಡನೋ ಹೆಂಡತಿಯೋ ಇದ್ದಾರೆ, ವಯಸ್ಸಾಗಿಲ್ಲ, ಒಪ್ಪಿಗೆ ಕೊಡುವ ಮಾನಸಿಕ ಸ್ಥಿತಿ ಇಲ್ಲ, ಹತ್ತಿರದ ನಿಷಿದ್ಧ ಸಂಬಂಧ. ‘ನಮ್ಮ ಮಂದಿ ಅಲ್ಲ’ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ಎರಡನೆಯದು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯ, ಸಮುದಾಯದ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ನೋಟಿಸ್ ಹಚ್ಚುವುದು ಜೋಡಿಯ ಇಷ್ಟಕ್ಕೆ ಬಿಟ್ಟದ್ದು ಎಂದು ಅಲಹಾಬಾದ್ ಹೈಕೋರ್ಟ್ 2021ರಲ್ಲಿ ತೀರ್ಪು ಕೊಟ್ಟಿತು. ಆದರೆ ಅದು ಬೇರೆ ರಾಜ್ಯದ ಹೈಕೋರ್ಟಿನ ಮಾತು, ನಮ್ಮ ಕಚೇರಿಗಳನ್ನು ಕಟ್ಟಿಹಾಕಲ್ಲ. ನಮ್ಮ ಅನಿಸಿಕೆ ಇಷ್ಟು: ಫಲಕ ಹೇಳುವ ಮುಂಚೆ ಮನೆಯವರಿಗೆ ನೀವೇ ಹೇಳುವುದು ಚಲೋ. ಮಗನ ಮದುವೆ ಸುದ್ದಿ ಅಪ್ಪನಿಗೆ ಚಹಾದಂಗಡಿಯಲ್ಲಿ ಗೊತ್ತಾಗಬಾರದು.

ತಾಳಿ ಕಟ್ಟಿದ್ದು ಏನಾಯ್ತು?

ಆನೆಗೊಂದಿ, ಅಂಜನಾದ್ರಿ ಕಡೆ ವಿದೇಶಿಯರು ವರ್ಷವೂ ಬರುತ್ತಾರೆ. ಹೊಳೆ ಆಚೆ ಹಂಪಿಯಲ್ಲಿ ವಿದೇಶಿಯರು ನಮ್ಮ ಪದ್ಧತಿಯಲ್ಲಿ ತಾಳಿ ಕಟ್ಟಿಸಿಕೊಂಡ ಫೋಟೊ ಪತ್ರಿಕೆಯಲ್ಲಿ ನೋಡಿದ್ದೇವೆ. ನೋಡಲು ಚಂದ. ಆದರೆ ಹಿಂದೂ ವಿವಾಹ ಕಾಯ್ದೆ, 1955 ಅನ್ವಯವಾಗುವುದು ಇಬ್ಬರೂ ಹಿಂದೂಗಳಾಗಿದ್ದಾಗ. 2008ರಲ್ಲಿ ಒಂದು ಹಿಂದೂ–ಕ್ರೈಸ್ತ ಜೋಡಿಯ ಪ್ರಕರಣದಲ್ಲಿ, ಆ ಕಾಯ್ದೆಯಡಿ ಆದ ಅಂಥ ಮದುವೆ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಕಾಯ್ದೆಯ ‘ಹಿಂದೂ’ ಪದದೊಳಗೆ ಬೌದ್ಧ, ಜೈನ, ಸಿಖ್ಖರೂ ಸೇರುತ್ತಾರೆ. ‘ಜಪಾನಿನವರು ಬೌದ್ಧರಲ್ಲವೇ, ಹಾಗಾದರೆ ನಡೆಯುತ್ತದಲ್ಲ’ ಎಂದು ವಾದ ಹೂಡಬಹುದು. ಆದರೆ ಕೊಸೆಕಿಯಲ್ಲಿ ಧರ್ಮದ ಕಾಲಂ ಇಲ್ಲ. ಹೊಸ ವರ್ಷಕ್ಕೆ ಶಿಂತೋ ಗುಡಿಗೆ ಹೋಗಿ, ಸತ್ತಾಗ ಬೌದ್ಧ ಕ್ರಿಯೆ ಮಾಡಿಸುವ ಎಷ್ಟೋ ಜನ ಅಲ್ಲಿ ‘ನಂದು ಯಾವ ಧರ್ಮವೂ ಇಲ್ಲ’ ಅನ್ನುತ್ತಾರೆ. ನಾಳೆ ಕೋರ್ಟಿನಲ್ಲಿ ಇದನ್ನು ಸಾಬೀತು ಮಾಡುವ ಪಾಡು ಯಾಕೆ? ವಿಶೇಷ ವಿವಾಹ ಕಾಯ್ದೆ ಧರ್ಮವನ್ನು ಕೇಳುವುದೇ ಇಲ್ಲ. ಕಚೇರಿಯಲ್ಲಿ ಆ ಮದುವೆ ಆಗಲಿ, ಊರಲ್ಲಿ ತಾಳಿಯ ಮದುವೆಯೂ ಆಗಲಿ. ಒಂದಕ್ಕೊಂದು ಅಡ್ಡ ಬರಲ್ಲ.

ನಮ್ಮ ಕಡೆ ಮುಂದಿನ ಪ್ರಶ್ನೆ ಹೊಲದ್ದು. ಧರ್ಮ ಬೇರೆಯಾದ ಜೋಡಿ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದರೆ ಅವಿಭಕ್ತ ಹಿಂದೂ ಕುಟುಂಬದಿಂದ ಆ ಮಗ ಅಥವಾ ಮಗಳು ಬೇರೆಯಾದಂತೆ ಎಂದು 19ನೇ ಕಲಮು ಹೇಳುತ್ತದೆ. ಇದನ್ನು ಹಿಡಿದುಕೊಂಡು ‘ನಿನ್ನ ಪಾಲು ಹೋಯ್ತು’ ಎಂದು ಹೆದರಿಸುವವರು ಇರುತ್ತಾರೆ. ಬೇರೆಯಾಗುವುದು ಅಂದರೆ ಪಾಲು ಕಳೆದುಕೊಳ್ಳುವುದಲ್ಲ, ಪಾಲು ಬೇರ್ಪಡುವುದು. ವಾರಸುದಾರಿಕೆಯ ಹಕ್ಕು ಉಳಿಯುತ್ತದೆ ಎಂದು 20ನೇ ಕಲಮಿನಲ್ಲೇ ಇದೆ.

ಎರಡನೇ ದಫ್ತರ, ಮೂರು ತಿಂಗಳು

ಇಲ್ಲಿ ಮದುವೆ ಆದ ಮೇಲೆ ಜಪಾನಿನ ದಫ್ತರಕ್ಕೆ ಅದು ಏರಬೇಕು. ನಮ್ಮ ವಿವಾಹ ಪ್ರಮಾಣಪತ್ರ, ಅದರ ಜಪಾನಿ ಅನುವಾದ ಇಟ್ಟು ಮೂರು ತಿಂಗಳೊಳಗೆ ಕಾನ್ಸುಲೇಟಿಗೋ ಜಪಾನಿನ ಪುರಸಭೆಗೋ ಕೊಡಬೇಕು. ಆಗ ಜಪಾನಿ ಸಂಗಾತಿ ಇನ್ನೂ ತಂದೆ ತಾಯಿಯ ಕೊಸೆಕಿಯಲ್ಲೇ ಇದ್ದರೆ ಅವರ ಹೆಸರಿನಲ್ಲಿ ಹೊಸ ಕೊಸೆಕಿ ಹುಟ್ಟುತ್ತದೆ. ನಮ್ಮವರಿಗೆ ಅದರಲ್ಲಿ ಸ್ವಂತ ಪುಟ ಇಲ್ಲ. ‘ಇಂಥವರನ್ನು ಮದುವೆಯಾಗಿದ್ದಾರೆ’ ಎಂಬ ಸಾಲಿನಲ್ಲಿ ಮಾತ್ರ ಹೆಸರು ಬರುತ್ತದೆ.

ಆ ಹೆಸರು ಕತಕಾನಾ ಲಿಪಿಯಲ್ಲಿ. ಅದರಲ್ಲಿ ‘ರ’, ‘ಲ’ ಬೇರೆ ಇಲ್ಲ, ‘ಟ’, ‘ಠ’ ಇಲ್ಲವೇ ಇಲ್ಲ. ಪಾಟೀಲ ‘ಪಾತೀರು’ ಆಗುತ್ತಾನೆ, ಹಿರೇಮಠ ‘ಹಿರೇಮತ’, ಯಲಬುರ್ಗಿ ‘ಯರಬುರುಗಿ’. ನಗು ಬರುತ್ತದೆ, ಆದರೆ ಒಮ್ಮೆ ಬರೆಸಿದ ಕಾಗುಣಿತವನ್ನೇ ಮುಂದೆಲ್ಲ ಕಡೆ ಹಿಡಿಯಬೇಕು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟವರು ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಜಪಾನಿ ದಂಪತಿ ಇಬ್ಬರೂ ಒಂದೇ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು ಎಂಬ ಕಾನೂನು ಅಲ್ಲಿ ಇದೆ. ವಿದೇಶಿಯರನ್ನು ಮದುವೆಯಾದವರಿಗೆ ಆ ಕಡ್ಡಾಯ ಇಲ್ಲ. ಬೇಕಿದ್ದರೆ ಮದುವೆಯಾದ ಆರು ತಿಂಗಳೊಳಗೆ ಬರೀ ಅರ್ಜಿ ಕೊಟ್ಟು ಸಂಗಾತಿಯ ಅಡ್ಡಹೆಸರು ತಗೊಳ್ಳಬಹುದು. ಅವಧಿ ದಾಟಿದರೆ ಕೋರ್ಟ್ ಅನುಮತಿ ಬೇಕು.

ಪೌರತ್ವ ಮದುವೆಯ ಉಡುಗೊರೆ ಅಲ್ಲ

ಮದುವೆಯಿಂದ ಯಾರ ಪೌರತ್ವವೂ ತಾನಾಗಿ ಬದಲಾಗಲ್ಲ. ಅಲ್ಲಿ ವಾಸಕ್ಕೆ ಸಂಗಾತಿ ವೀಸಾ ಬೇರೆಯೇ ಅರ್ಜಿ. ಅದು ಸಿಕ್ಕರೆ ಯಾವ ಕೆಲಸವನ್ನಾದರೂ ಮಾಡಬಹುದು ಎಂಬುದು ಅದರ ದೊಡ್ಡ ಅನುಕೂಲ. ಇಲ್ಲಿ ಬಂದು ನೆಲೆಸುವ ಜಪಾನಿ ಸಂಗಾತಿ, ನೋಂದಣಿಯಾದ ಮದುವೆ ಎರಡು ವರ್ಷ ನಡೆದ ಮೇಲೆ ಸಾಗರೋತ್ತರ ಭಾರತೀಯ ಪೌರ ಕಾರ್ಡಿಗೆ, ಅಂದರೆ ಒಸಿಐಗೆ, ಅರ್ಜಿ ಹಾಕಬಹುದು. ಹೆಸರಲ್ಲಿ ‘ಪೌರ’ ಇದ್ದರೂ ಅದು ಪೌರತ್ವ ಅಲ್ಲ. ಮತದ ಹಕ್ಕಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಒಂದು ಲೆಕ್ಕಕ್ಕೆ ಅದೇ ಒಳ್ಳೆಯದು: ಬೇರೆ ದೇಶದ ಪೌರತ್ವವನ್ನು ತಾವಾಗಿ ಪಡೆದವರು ಜಪಾನಿನ ಪೌರತ್ವ ಕಳೆದುಕೊಳ್ಳುತ್ತಾರೆ. ನಮ್ಮ ಕಾನೂನೂ ಹಾಗೇ ಇದೆ.

ಹಿಂದೆ ಇದು ಹೆಂಗಸರಿಗೆ ಇನ್ನೂ ಕಠಿಣವಾಗಿತ್ತು. ಜಪಾನ್ 1873ರಲ್ಲಿ ವಿದೇಶಿಯರೊಂದಿಗಿನ ಮದುವೆಗೆ ಅನುಮತಿ ಕೊಟ್ಟಾಗ, ವಿದೇಶಿಯನ್ನು ಮದುವೆಯಾದ ಹೆಣ್ಣು ಜಪಾನಿ ಎಂಬ ಸ್ಥಾನವನ್ನೇ ಬಿಡಬೇಕಿತ್ತು. ಆ ಕಾಲದಲ್ಲೂ ಎರಡೂ ದೇಶದ ನಡುವೆ ಮದುವೆಗಳಾದವು. ಢಾಕಾದ ಹರಿಪ್ರಭಾ ತಾಕೆದಾ ಜಪಾನಿ ಗಂಡನ ಜೊತೆ 1912ರಲ್ಲಿ ಅತ್ತೆ ಮನೆಗೆ ಹೋಗಿ ಬಂದು, 1915ರಲ್ಲಿ ಬಂಗಾಳಿಯಲ್ಲಿ ಪ್ರವಾಸ ಕಥನ ಪ್ರಕಟಿಸಿದರು. ಬ್ರಿಟಿಷರಿಂದ ತಪ್ಪಿಸಿಕೊಂಡು ಹೋದ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್ 1918ರಲ್ಲಿ ಟೋಕಿಯೋದ ನಕಾಮುರಾಯಾ ಅಂಗಡಿಯವರ ಮಗಳು ತೊಶಿಕೋ ಅವರನ್ನು ಮದುವೆಯಾಗಿ, 1923ರಲ್ಲಿ ಜಪಾನಿನ ಪ್ರಜೆಯಾದರು. ಜಪಾನಿ ತಾಯಿಯಿಂದಲೂ ಮಗುವಿಗೆ ಪೌರತ್ವ ಸಿಗತೊಡಗಿದ್ದು 1985ರಿಂದ. ನಾವು ಅವರನ್ನು ಆಡಿಕೊಳ್ಳುವಂತಿಲ್ಲ: ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತೀಯ ತಾಯಿಯಿಂದ ಪೌರತ್ವ ಬರುವಂತೆ ನಮ್ಮ ಕಾಯ್ದೆ ತಿದ್ದುಪಡಿಯಾದದ್ದು 1992ರಲ್ಲಿ.

ಮಗು ಹುಟ್ಟಿದ ತೊಂಬತ್ತು ದಿನ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ತಾಯಿ ಜಪಾನಿ, ತಂದೆ ಕೊಪ್ಪಳದವರು, ಹೆರಿಗೆ ಗಂಗಾವತಿಯಲ್ಲಿ ಆಯ್ತು ಅಂತಿಟ್ಟುಕೊಳ್ಳೋಣ. ಮಗು ಇಲ್ಲಿ ಹುಟ್ಟಿ ತಂದೆ ಭಾರತೀಯನಾದ್ದರಿಂದ, ತಾಯಿ ಕ್ರಮಬದ್ಧ ವೀಸಾದಲ್ಲಿ ಇದ್ದರೆ, ಮಗು ಭಾರತೀಯ. ತಾಯಿಯಿಂದ ಜಪಾನಿ ಕೂಡ. ಆದರೆ ಹೊರದೇಶದಲ್ಲಿ ಹುಟ್ಟಿ ಆ ದೇಶದ ಪೌರತ್ವವನ್ನೂ ಪಡೆದ ಮಗುವಿನ ಜನನವನ್ನು ಮೂರು ತಿಂಗಳೊಳಗೆ ವರದಿ ಮಾಡಿ, ‘ಜಪಾನಿ ಪೌರತ್ವ ಕಾಯ್ದಿರಿಸುತ್ತೇವೆ’ ಎಂದು ಬರೆದುಕೊಡಬೇಕು. ಕೊಡದಿದ್ದರೆ ಮಗು ಹುಟ್ಟಿದ ದಿನದಿಂದಲೇ ಆ ಪೌರತ್ವ ಇಲ್ಲದಂತಾಗುತ್ತದೆ. ಬಾಣಂತನ, ತೊಟ್ಟಿಲ ಕಾರ್ಯದ ಗಡಿಬಿಡಿಯಲ್ಲಿ ಮೂರು ತಿಂಗಳು ಹೇಗೆ ಹೋಯಿತು ಅಂತ ಗೊತ್ತಾಗಲ್ಲ. 18 ತುಂಬುವ ಮುಂಚೆ ಜಪಾನಿನಲ್ಲಿ ವಾಸ ಮಾಡಿ ಅರ್ಜಿ ಕೊಟ್ಟರೆ ಮರಳಿ ಸಿಗುವ ದಾರಿ ಇದೆ, ಆದರೆ ಅದು ಸುತ್ತು ಬಳಸು.

ಹೆರಿಗೆ ಜಪಾನಿನಲ್ಲಾದರೆ ಗಡುವು ನಮ್ಮ ಕಡೆಯದು: ಭಾರತೀಯ ಪೌರತ್ವ ಬೇಕಿದ್ದರೆ ಒಂದು ವರ್ಷದೊಳಗೆ ರಾಯಭಾರ ಕಚೇರಿಯಲ್ಲಿ ಜನನ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಬರೆದುಕೊಡಬೇಕು. ಭಾರತ ದ್ವಿಪೌರತ್ವ ಒಪ್ಪಲ್ಲ. ಜಪಾನ್ ಕೂಡ ಹುಟ್ಟಿನಿಂದ ಎರಡು ಪೌರತ್ವ ಇರುವವರು 20 ತುಂಬುವುದರೊಳಗೆ ಒಂದನ್ನು ಆರಿಸಬೇಕು ಅನ್ನುತ್ತದೆ. ಯಾವ ಪಾಸ್‌ಪೋರ್ಟ್ ಎಂಬುದನ್ನು ಹೆರಿಗೆಗೆ ಮುಂಚೆಯೇ ಇಬ್ಬರೂ ಕೂತು ಮಾತಾಡಿಕೊಳ್ಳಬೇಕು.

ಬೇರೆಯಾಗುವ ಮಾತೂ ಒಂದಿಷ್ಟು

ಶುಭ ಕಾರ್ಯದ ನಡುವೆ ಇದೇನು ಅನ್ನಬೇಡಿ. ಜಪಾನಿನಲ್ಲಿ ಇಬ್ಬರೂ ಒಪ್ಪಿದರೆ ವಿಚ್ಛೇದನವೂ ಮದುವೆಯಷ್ಟೇ ಸಲೀಸು. ಪುರಸಭೆಗೆ ಒಂದು ಅರ್ಜಿ, ಮುಗೀತು. ನಮ್ಮಲ್ಲಿ ಪರಸ್ಪರ ಒಪ್ಪಿಗೆ ಇದ್ದರೂ ನ್ಯಾಯಾಲಯದ ಡಿಕ್ರಿ ಬೇಕು. ಹಾಗಾಗಿ ಅಲ್ಲಿ ಅರ್ಜಿ ಕೊಟ್ಟು ಬೇರೆಯಾದವರು ಇಲ್ಲಿಯ ಲೆಕ್ಕದಲ್ಲಿ ಇನ್ನೂ ದಂಪತಿಯಾಗಿಯೇ ಉಳಿಯುವ ಅಪಾಯ ಇದೆ. ಆ ಸ್ಥಿತಿಯಲ್ಲಿ ಊರಿಗೆ ಬಂದು ಇನ್ನೊಂದು ಮದುವೆಯಾದರೆ ಅದು ಇಬ್ಬರ ಬಾಳಿಗೆ ಕುತ್ತು. ಕಟ್ಟುವಾಗ ಎರಡು ದಫ್ತರ ಎಂದಿದ್ದೆವಲ್ಲ, ಬಿಚ್ಚುವಾಗಲೂ ಎರಡೇ.

ಗಡುವುಗಳನ್ನು ಮತ್ತೊಮ್ಮೆ ಹೇಳಿಬಿಡುತ್ತೇವೆ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನೋಟಿಸಿಗೆ ಮುಂಚೆ ಒಬ್ಬರ ವಾಸ 30 ದಿನ. ಆಕ್ಷೇಪಣೆಗೆ 30 ದಿನ. ನೋಟಿಸಿನ ಆಯಸ್ಸು 3 ತಿಂಗಳು. ಮದುವೆ ವರದಿಗೆ 3 ತಿಂಗಳು. ಅಡ್ಡಹೆಸರಿಗೆ 6 ತಿಂಗಳು. ಇಲ್ಲಿ ಹುಟ್ಟಿದ ಮಗುವಿನ ವರದಿಗೆ 3 ತಿಂಗಳು, ಅಲ್ಲಿ ಹುಟ್ಟಿದ ಮಗುವಿಗೆ 1 ವರ್ಷ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಹೆಜ್ಜೆ ಇಡುವ ಮುಂಚೆ ಉಪನೋಂದಣಾಧಿಕಾರಿ ಕಚೇರಿಯಲ್ಲೂ ಕಾನ್ಸುಲೇಟಿನಲ್ಲೂ ಒಮ್ಮೆ ಕೇಳಿಕೊಳ್ಳಿ. ಇಷ್ಟನ್ನು ಸರಿಯಾಗಿ ಮಾಡಿದ ಮೇಲೆ ಹಂದರ ಹಾಕ್ರಿ, ಊರಿಗೆ ಊಟ ಹಾಕ್ರಿ. ಅಕ್ಕಿಕಾಳಿಗೆ ನಾವೂ ಬರ್ತೀವಿ.